ಜಾವಾದಲ್ಲಿ ಲಾಗಿಂಗ್: ಯಾವುದನ್ನು ಹಿಡಿಯೋದು, ಯಾವುದನ್ನು ಬಿಡೋದು?

ಹೊಸ ಜಾವಾ ಪ್ರಾಜೆಕ್ಟ್ ಶುರುವಾದ ದಿನ ಲಾಗಿಂಗ್ (ಪ್ರೋಗ್ರಾಮ್ ಓಡುವಾಗ ಏನೇನಾಯಿತು ಅಂತ ಬರೆದಿಡುವುದು) ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಳೆಯ ಪ್ರಾಜೆಕ್ಟಿನ ಬಿಲ್ಡ್ ಫೈಲಿನಿಂದ ನಾಲ್ಕು ಸಾಲು ಎತ್ತಿ ಹಾಕಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಅದು ನೆನಪಾಗುವುದು ಪ್ರೊಡಕ್ಷನ್‌ನಲ್ಲಿ ಏನೋ ಎಡವಟ್ಟಾಗಿ, ಒಂದೇ ಒಂದು ಪ್ಯಾಕೇಜಿನ ಡೀಬಗ್ ಲಾಗ್ ಬೇಕು ಅನ್ನಿಸಿದಾಗ. ಲೆವೆಲ್ (ಎಷ್ಟು ವಿವರ ಬರೆಯಬೇಕು ಅನ್ನುವ ಮಟ್ಟ) ಬದಲಿಸಲು ಮತ್ತೆ ಬಿಲ್ಡ್ ಮಾಡಬೇಕು, ಮತ್ತೆ ಡಿಪ್ಲಾಯ್ ಮಾಡಬೇಕು ಅಂತ ಗೊತ್ತಾಗುತ್ತದೆ. ಅಷ್ಟೆಲ್ಲ ಮಾಡಿ ಮುಗಿಸುವಷ್ಟರಲ್ಲಿ ಸಮಸ್ಯೆಯೇ ಮಾಯವಾಗಿರುತ್ತದೆ.

ಹಾಗಾಗಿ ಆಯ್ಕೆಯನ್ನು ಸ್ವಲ್ಪ ಯೋಚಿಸಿಯೇ ಮಾಡೋಣ. ಹೆಸರುಗಳಿಗಂತೂ ಕೊರತೆಯಿಲ್ಲ: ಎಸ್‌ಎಲ್‌ಎಫ್4ಜೆ, ಲಾಗ್‌ಬ್ಯಾಕ್, ಲಾಗ್4ಜೆ 2, ಜಾವಾದ ಒಳಗೇ ಇರುವ ಜೆಯುಎಲ್ (ಜಾವಾ ಯುಟಿಲ್ ಲಾಗಿಂಗ್), ಕಾಮನ್ಸ್ ಲಾಗಿಂಗ್, ಜೆಬಾಸ್ ಲಾಗಿಂಗ್, ಟೈನಿಲಾಗ್. "ಲಾಗ್‌ಬ್ಯಾಕ್ ಒಳ್ಳೇದಾ, ಎಸ್‌ಎಲ್‌ಎಫ್4ಜೆ ಒಳ್ಳೇದಾ" ಅಂತ ಕೇಳುವವರು ತುಂಬಾ ಜನ. ಆ ಪ್ರಶ್ನೆಗೆ ಉತ್ತರವೇ ಇಲ್ಲ. ಅವೆರಡೂ ಒಂದೇ ಕೆಲಸಕ್ಕೆ ಸ್ಪರ್ಧಿಸುವ ಲೈಬ್ರರಿಗಳಲ್ಲ.

ಪ್ರಶ್ನೆ ಒಂದಲ್ಲ, ಎರಡು

ಮೊದಲನೆಯದು, ನಿಮ್ಮ ಕೋಡ್ ಯಾವ ಎಪಿಐ (ಕೋಡಿನಿಂದ ಕರೆಯುವ ಮೆಥಡ್‌ಗಳ ಗುಂಪು) ಜೊತೆ ಮಾತಾಡಬೇಕು? ಪ್ರತಿ ಕ್ಲಾಸಿನ ಮೇಲ್ಭಾಗದ ಇಂಪೋರ್ಟ್ ಸಾಲಿನಲ್ಲಿ ಯಾರ ಹೆಸರು ಇರಬೇಕು? ಎರಡನೆಯದು, ಆ ಸಂದೇಶವನ್ನು ತೆಗೆದುಕೊಂಡು ಫೈಲಿಗೋ ಕನ್ಸೋಲಿಗೋ ಬರೆಯುವ ಎಂಜಿನ್ ಯಾವುದು?

ಎಪಿಐ ಹೆಸರು ಎಲ್ಲ ಫೈಲುಗಳಲ್ಲೂ ಹರಡಿಕೊಂಡಿರುತ್ತದೆ. ಐದು ವರ್ಷ ಹಳೆಯ ಅಪ್ಲಿಕೇಶನ್ನಿನಲ್ಲಿ ಅದನ್ನು ಬದಲಿಸುವುದೆಂದರೆ ಸಾವಿರಾರು ಸಾಲು ಮುಟ್ಟಬೇಕು, ರಿವ್ಯೂ ಮಾಡುವವರ ಶಾಪ ಬೇರೆ. ಎಂಜಿನ್ ಹಾಗಲ್ಲ. ಅದು ಇರುವುದು ಎರಡು ಮೂರು ಜಾರ್‌ಗಳಲ್ಲಿ (ಜಾವಾ ಲೈಬ್ರರಿಯ ಫೈಲುಗಳಲ್ಲಿ) ಮತ್ತು ಒಂದು ಕಾನ್ಫಿಗರೇಶನ್ ಫೈಲಿನಲ್ಲಿ. ಮನಸ್ಸು ಬದಲಾದರೆ ಒಂದು ಮಧ್ಯಾಹ್ನದ ಕೆಲಸ. ಆದ್ದರಿಂದ ಮೊದಲ ಪ್ರಶ್ನೆಗೆ ಜಾಸ್ತಿ ಸಮಯ ಕೊಡಿ. ಸೋಜಿಗವೆಂದರೆ ಜನ ಜಗಳವಾಡುವುದು ಎರಡನೆಯದರ ಬಗ್ಗೆ.

ಇನ್ನು ಈ "ಫ್ಲೆಕ್ಸಿಬಲ್" ಅನ್ನುವ ಮಾತು. ನನ್ನ ಲೆಕ್ಕದಲ್ಲಿ ಅದರಲ್ಲಿ ಮೂರು ಸಂಗತಿ ಸೇರಿವೆ. ಕೋಡ್ ಮುಟ್ಟದೆ ಎಂಜಿನ್ ಬದಲಿಸಲು ಆಗಬೇಕು. ಅಪ್ಲಿಕೇಶನ್ ಓಡುತ್ತಿರುವಾಗಲೇ ಲೆವೆಲ್ ಬದಲಿಸಲು ಆಗಬೇಕು. ನೀವು ಬಳಸುವ ನೂರೆಂಟು ಲೈಬ್ರರಿಗಳು ಬೇರೆ ಬೇರೆ ರೀತಿಯಲ್ಲಿ ಲಾಗ್ ಮಾಡಿದರೂ ಎಲ್ಲವೂ ಒಂದೇ ಕಡೆ ಬಂದು ಸೇರಬೇಕು. ಈ ಮೂರರಲ್ಲಿ ಒಂದು ಕೈಕೊಟ್ಟರೂ ಉಳಿದೆರಡರ ಪ್ರಯೋಜನ ಅರ್ಧಕ್ಕರ್ಧ ಹೋಗುತ್ತದೆ.

ಇಷ್ಟೊಂದು ಯಾಕಿವೆ?

ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಹಳೆಯ ಜಾರ್‌ಗಳು ಇನ್ನೂ ನಿಮ್ಮ ಕ್ಲಾಸ್‌ಪಾತ್‌ನಲ್ಲಿ (ಜಾವಾ ಕ್ಲಾಸ್‌ಗಳನ್ನು ಹುಡುಕುವ ಜಾಗದಲ್ಲಿ) ಕೂತಿವೆ. ಮೊದಲು ಬಂದದ್ದು ಚೆಕಿ ಗುಲ್ಚು ಶುರು ಮಾಡಿದ ಲಾಗ್4ಜೆ. ಎಲ್ಲರೂ ಅದನ್ನು ಒಪ್ಪಿಕೊಂಡಾಗಿತ್ತು. 2002ರಲ್ಲಿ ಜಾವಾ 1.4 ಬಂದಾಗ ಅದರೊಳಗೆ ಜೆಯುಎಲ್ ಅಂತ ಬೇರೆಯದೇ ಲಾಗಿಂಗ್ ಇತ್ತು. ಈಗ ಎರಡಾದವಲ್ಲ? ಲೈಬ್ರರಿ ಬರೆಯುವವರು ಯಾವುದನ್ನು ಬಳಸಬೇಕು? ಇದಕ್ಕೆ ಪರಿಹಾರವಾಗಿ ಕಾಮನ್ಸ್ ಲಾಗಿಂಗ್ ಬಂತು. ಓಡುವ ಹೊತ್ತಿನಲ್ಲಿ ಎಂಜಿನ್ ಯಾವುದಿದೆ ಅಂತ ತಾನೇ ಹುಡುಕಿಕೊಳ್ಳುವುದು ಅದರ ಉಪಾಯ. ಆದರೆ ಅಪ್ಲಿಕೇಶನ್ ಸರ್ವರ್‌ಗಳ ಕ್ಲಾಸ್‌ಲೋಡರ್‌ಗಳ ನಡುವೆ ಸಿಕ್ಕಿಕೊಂಡು ಆ ಹುಡುಕಾಟ ಕೊಡಬಾರದ ಕಾಟ ಕೊಟ್ಟಿತು. ಆಮೇಲೆ ಅದೇ ಗುಲ್ಚು ಎಸ್‌ಎಲ್‌ಎಫ್4ಜೆ ಎಂಬ ಸರಳ ಎಪಿಐಯನ್ನೂ ಅದರ ಜೊತೆಗೆ ಲಾಗ್‌ಬ್ಯಾಕ್ ಎಂಬ ಎಂಜಿನ್ನನ್ನೂ ಬರೆದರು. ಇತ್ತ ಲಾಗ್4ಜೆಯನ್ನು ನೋಡಿಕೊಳ್ಳುವ ಅಪಾಚಿ ಸಂಸ್ಥೆಯಲ್ಲಿ ಹೊಸಬರು ಅದನ್ನು ಬುಡದಿಂದ ಬರೆದು 2014ರಲ್ಲಿ ಲಾಗ್4ಜೆ 2 ಅಂತ ಬಿಟ್ಟರು. ಹಳೆಯ ಲಾಗ್4ಜೆ 1ಕ್ಕೆ 2015ರಲ್ಲಿ ಅಧಿಕೃತವಾಗಿ ವಿದಾಯ ಹೇಳಲಾಯಿತು.

ಎಪಿಐ: ಎಸ್‌ಎಲ್‌ಎಫ್4ಜೆ, ಇಲ್ಲವೇ ಲಾಗ್4ಜೆ ಎಪಿಐ

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ: ಬೇರೆ ಬಲವಾದ ಕಾರಣವಿಲ್ಲದಿದ್ದರೆ ಎಸ್‌ಎಲ್‌ಎಫ್4ಜೆ. ಅದರಲ್ಲಿ ಮಹಾ ವಿಶೇಷವೇನೂ ಇಲ್ಲ. ಆದರೆ ಹೆಚ್ಚಿನ ಲೈಬ್ರರಿಗಳು ಅದನ್ನೇ ಬಳಸುತ್ತವೆ, ಲಾಗ್‌ಬ್ಯಾಕ್, ಲಾಗ್4ಜೆ 2, ಜೆಯುಎಲ್ ಮೂರೂ ಎಂಜಿನ್‌ಗಳು ಅದರ ಹಿಂದೆ ನಿಲ್ಲಬಲ್ಲವು, ಮತ್ತು ಹೊಸದಾಗಿ ಟೀಮಿಗೆ ಸೇರಿದವರಿಗೆ ಅದನ್ನು ಕಲಿಸಬೇಕಾಗಿಲ್ಲ.

ಬಳಕೆ ಹೇಗಿರುತ್ತದೆ ಅಂತ ಒಂದು ಸಾಲು ಹತ್ತಿರದಿಂದ ನೋಡೋಣ. "ಆರ್ಡರ್ {} ಗೆ ಪಾವತಿ ಆಗಲಿಲ್ಲ" ಎಂಬ ಸಂದೇಶವನ್ನು ಎರರ್ ಮೆಥಡ್‌ಗೆ ಕೊಡುತ್ತೀರಿ. ಎರಡನೆಯ ಆರ್ಗ್ಯುಮೆಂಟ್ ಆರ್ಡರ್ ನಂಬರ್, ಕೊನೆಯದು ಎಕ್ಸೆಪ್ಶನ್. ಪುಷ್ಪಾವರಣದ ಜಾಗಕ್ಕೆ ನಂಬರ್ ಹೋಗಿ ಕೂರುತ್ತದೆ. ಎಕ್ಸೆಪ್ಶನ್‌ಗೆ ಆವರಣ ಇಡಬಾರದು. ಕೊನೆಯ ಆರ್ಗ್ಯುಮೆಂಟ್ ಎಕ್ಸೆಪ್ಶನ್ ಆಗಿದ್ದು ಅದಕ್ಕೆ ಆವರಣ ಉಳಿದಿಲ್ಲದಿದ್ದರೆ, ಪೂರ್ತಿ ಸ್ಟ್ಯಾಕ್ ಟ್ರೇಸ್ ಮುದ್ರಣವಾಗುತ್ತದೆ. ಅದನ್ನು ಬಿಟ್ಟು ಪ್ಲಸ್ ಚಿಹ್ನೆ ಹಾಕಿ ಎಕ್ಸೆಪ್ಶನ್ನನ್ನು ಸ್ಟ್ರಿಂಗಿಗೆ ಜೋಡಿಸಿದರೆ ಬರುವುದು ಅದರ ಹೆಸರು ಮತ್ತು ಸಂದೇಶದ ಒಂದು ಸಾಲು ಮಾತ್ರ. ಯಾವ ಕ್ಲಾಸಿನ ಯಾವ ಸಾಲಿನಲ್ಲಿ ಒಡೆಯಿತು ಅನ್ನುವುದು ಹೋಯಿತು. ಲಾಗ್ ಇದೆ, ಬೇಕಾದದ್ದು ಇಲ್ಲ. ಯಾವ ಲೈಬ್ರರಿ ಆರಿಸಿದಿರಿ ಅನ್ನುವುದಕ್ಕಿಂತ ಈ ಒಂದು ಅಭ್ಯಾಸ ನಿಮ್ಮನ್ನು ಹೆಚ್ಚು ಸಲ ಕಾಪಾಡುತ್ತದೆ.

ಆವರಣದ ಇನ್ನೊಂದು ಲಾಭ: ಡೀಬಗ್ ಲೆವೆಲ್ ಆಫ್ ಆಗಿದ್ದರೆ ಸ್ಟ್ರಿಂಗ್ ಕಟ್ಟುವ ಕೆಲಸವೇ ನಡೆಯುವುದಿಲ್ಲ. ಆದರೆ ಆರ್ಗ್ಯುಮೆಂಟ್ ಜಾಗದಲ್ಲಿ ನೀವು ಭಾರದ ಮೆಥಡ್ ಒಂದನ್ನು ಕರೆದಿದ್ದರೆ, ಅದು ಮಾತ್ರ ಲೆವೆಲ್ ಏನೇ ಇರಲಿ ಓಡಿಯೇ ಓಡುತ್ತದೆ. ಇದನ್ನು ತಪ್ಪಿಸಲು ಲಾಗ್4ಜೆ 2 ಎಪಿಐಯಲ್ಲಿ ಲ್ಯಾಂಬ್ಡಾ (ಬೇಕಾದಾಗ ಮಾತ್ರ ಓಡುವ ಕೋಡ್ ತುಣುಕು) ನೇರವಾಗಿ ಕೊಡಬಹುದು. ಎಸ್‌ಎಲ್‌ಎಫ್4ಜೆಗೆ ಈ ಸೌಲಭ್ಯ ಬಂದದ್ದು 2022ರಲ್ಲಿ ಹೊರಬಂದ 2.0 ಆವೃತ್ತಿಯಲ್ಲಿ. ಅಲ್ಲೂ ಸ್ವಲ್ಪ ಸುತ್ತುಬಳಸು, ಸರಪಣಿಯ ಹಾಗೆ ನಾಲ್ಕು ಮೆಥಡ್ ಜೋಡಿಸಿ ಬರೆಯಬೇಕು. ಈ ವಿಷಯದಲ್ಲಿ ಲಾಗ್4ಜೆ ಎಪಿಐ ಮುಂದಿದೆ ಎಂದು ಒಪ್ಪಬೇಕು. ಬರೀ ಸ್ಟ್ರಿಂಗ್ ಅಲ್ಲ, ಬೇಕಾದ ಆಬ್ಜೆಕ್ಟನ್ನೂ ಸಂದೇಶವಾಗಿ ಕೊಡಲು ಅದರಲ್ಲಿ ಜಾಗವಿದೆ.

ಹಾಗಾದರೆ ಅದನ್ನೇ ಯಾಕೆ ಹಿಡಿಯಬಾರದು? ಹಿಡಿಯಬಹುದು. ಲಾಗ್4ಜೆ ಎಪಿಐ ಮತ್ತು ಅದರ ಎಂಜಿನ್ ಬೇರೆ ಬೇರೆ ಜಾರ್‌ಗಳು. ಎಪಿಐ ಇಟ್ಟುಕೊಂಡು ಹಿಂದೆ ಲಾಗ್‌ಬ್ಯಾಕ್ ಓಡಿಸಲೂ ಒಂದು ಸೇತುವೆ ಜಾರ್ ಇದೆ. ಅಂದರೆ "ಲಾಗ್4ಜೆ ಎಪಿಐ ಬಳಸಿದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ" ಅನ್ನುವ ಮಾತು ಸುಮ್ನೆ ಹಬ್ಬಿದ್ದು. ಆದರೂ ನಾನು ಎಸ್‌ಎಲ್‌ಎಫ್4ಜೆ ಕಡೆ ವಾಲುವುದು ಬಳಕೆ ಜಾಸ್ತಿ ಅನ್ನುವ ಒಂದೇ ಕಾರಣಕ್ಕೆ. ಇಡೀ ಕೋಡ್ ನಿಮ್ಮದೇ, ಲ್ಯಾಂಬ್ಡಾ ಲಾಗ್ ಬೇಕೇ ಬೇಕು ಅನ್ನುವವರಾದರೆ ಲಾಗ್4ಜೆ ಎಪಿಐ ಧಾರಾಳವಾಗಿ ಹಿಡಿಯಿರಿ.

ಎಸ್‌ಎಲ್‌ಎಫ್4ಜೆಯಲ್ಲಿ ಒಂದು ಕಂಟಕವಿದೆ, ಆವೃತ್ತಿಯದ್ದು. 1.7ರವರೆಗೆ ಅದು ಎಂಜಿನ್ನನ್ನು ಹುಡುಕುತ್ತಿದ್ದದ್ದು ಒಂದು ನಿರ್ದಿಷ್ಟ ಹೆಸರಿನ ಕ್ಲಾಸ್ ಮೂಲಕ. 2.0ದಲ್ಲಿ ಆ ದಾರಿ ಬಿಟ್ಟು ಜಾವಾದ ಸರ್ವಿಸ್‌ಲೋಡರ್ ಹಿಡಿಯಿತು. ಹಾಗಾಗಿ 2.0 ಎಪಿಐ ಜೊತೆ ಲಾಗ್‌ಬ್ಯಾಕ್ 1.2 ಇಟ್ಟರೆ ಎರಡಕ್ಕೂ ಪರಿಚಯವೇ ಆಗುವುದಿಲ್ಲ. ಅಪ್ಲಿಕೇಶನ್ ಶುರುವಾಗುತ್ತದೆ, ಪ್ರೊವೈಡರ್ ಸಿಗಲಿಲ್ಲ ಅಂತ ಎರಡು ಸಾಲು ಎಚ್ಚರಿಕೆ ಬರುತ್ತದೆ, ಆಮೇಲೆ ಪೂರ್ತಿ ಮೌನ. ಒಂದು ಲಾಗೂ ಇಲ್ಲ. ಎಸ್‌ಎಲ್‌ಎಫ್4ಜೆ 1.7ಕ್ಕೆ ಲಾಗ್‌ಬ್ಯಾಕ್ 1.2, ಎಸ್‌ಎಲ್‌ಎಫ್4ಜೆ 2.0ಕ್ಕೆ ಲಾಗ್‌ಬ್ಯಾಕ್ 1.3 ಅಥವಾ 1.5 ಅಂತ ನೆನಪಿಟ್ಟುಕೊಳ್ಳಿ. ಜಾವಾ 8ರಲ್ಲೇ ಇದ್ದೀರಾದರೆ 1.3, ಜಾವಾ 11 ಅಥವಾ ಮೇಲಿದ್ದರೆ 1.5. ಲಾಗ್4ಜೆ 2 ಕೂಡ ಇದಕ್ಕಾಗಿಯೇ ಎರಡು ಬೇರೆ ಜಾರ್ ಇಟ್ಟಿದೆ, 1.7ಕ್ಕೊಂದು, 2.0ಕ್ಕೊಂದು. ಹೆಸರಿನಲ್ಲಿ ಒಂದೇ ಒಂದು ಅಂಕೆಯ ವ್ಯತ್ಯಾಸ, ಕಣ್ಣು ತಪ್ಪುವುದು ಸುಲಭ.

ಉಳಿದ ಎಪಿಐಗಳನ್ನು ಬೇಗ ಮುಗಿಸೋಣ. ಕಾಮನ್ಸ್ ಲಾಗಿಂಗ್ ಅನ್ನು ಹೊಸ ಕೋಡಿನಲ್ಲಿ ಬಳಸಲು ಕಾರಣವಿಲ್ಲ. ಜೆಬಾಸ್ ಲಾಗಿಂಗ್ ಹೈಬರ್ನೇಟ್ ಮತ್ತು ಕ್ವಾರ್ಕಸ್‌ನ ಒಳಗಿದೆ. ಕ್ವಾರ್ಕಸ್‌ನಲ್ಲಿ ಕೆಲಸ ಮಾಡುವವರು ಅದರ ಪಾಡಿಗೆ ಅದನ್ನು ಬಿಟ್ಟು, ತಮ್ಮ ಕೋಡಿನಲ್ಲಿ ಎಸ್‌ಎಲ್‌ಎಫ್4ಜೆ ಬಳಸಿದರೂ ನಡೆಯುತ್ತದೆ. ಜಾವಾ 9ರಲ್ಲಿ ಸಿಸ್ಟಮ್ ಲಾಗರ್ ಅಂತ ಒಂದು ಸಣ್ಣ ಎಪಿಐ ಬಂತು. ಬೇರೆ ಯಾವ ಜಾರ್ ಮೇಲೂ ಅವಲಂಬನೆ ಇರಬಾರದು ಅನ್ನುವ ಪುಟ್ಟ ಲೈಬ್ರರಿ ಬರೆಯುತ್ತಿದ್ದರೆ ಅದು ಒಳ್ಳೆಯ ಆಯ್ಕೆ. ಅಪ್ಲಿಕೇಶನ್ ಬರೆಯುವವರಿಗೆ ಅದು ತೀರಾ ಬರಿದು.

ಇನ್ನೊಂದು ಆಯ್ಕೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಆದರೆ ಎಲ್ಲ ದೊಡ್ಡ ಟೀಮಿನಲ್ಲೂ ಯಾರಾದರೂ ಎತ್ತುತ್ತಾರೆ: "ನಮ್ಮದೇ ಒಂದು ಲಾಗರ್ ಕ್ಲಾಸ್ ಬರೆದುಬಿಡೋಣ, ಆಗ ನಾವು ಯಾರಿಗೂ ಅಂಟಿಕೊಂಡಿರುವುದಿಲ್ಲ." ಬೇಡ. ಎಸ್‌ಎಲ್‌ಎಫ್4ಜೆ ಇರುವುದೇ ಆ ಕೆಲಸಕ್ಕೆ. ಮೇಲಾಗಿ ನಿಮ್ಮ ಕ್ಲಾಸಿನ ಮೂಲಕ ಹೋದ ಪ್ರತಿ ಲಾಗಿನಲ್ಲೂ ಫೈಲಿನ ಹೆಸರು, ಸಾಲಿನ ಸಂಖ್ಯೆ ಅಂತ ಬರುವುದು ಆ ನಿಮ್ಮ ಕ್ಲಾಸಿನದ್ದೇ. ಅದನ್ನು ಸರಿಪಡಿಸಲು ಇನ್ನಷ್ಟು ಕೋಡ್, ಅದನ್ನು ನೋಡಿಕೊಳ್ಳಲು ಒಬ್ಬರು.

ಎಂಜಿನ್: ಇಲ್ಲಿ ನಿಜವಾದ ಪೈಪೋಟಿ ಇಬ್ಬರದ್ದು

ಲಾಗ್‌ಬ್ಯಾಕ್ ಸ್ಪ್ರಿಂಗ್ ಬೂಟ್‌ನ ಡೀಫಾಲ್ಟ್. ನೀವು ಏನೂ ಮಾಡದಿದ್ದರೂ ಅದು ಬಂದು ಕೂತಿರುತ್ತದೆ. ಎಕ್ಸ್‌ಎಂಎಲ್ ಕಾನ್ಫಿಗರೇಶನ್ ನೇರವಾಗಿದೆ, ದಿನಕ್ಕೊಂದು ಫೈಲ್, ಗಾತ್ರ ಮೀರಿದರೆ ಹೊಸ ಫೈಲ್, ಹಳೆಯದನ್ನು ಕುಗ್ಗಿಸಿಡುವುದು, ಇಷ್ಟು ದಿನಕ್ಕಿಂತ ಹಳೆಯದನ್ನು ಅಳಿಸುವುದು, ಎಲ್ಲವೂ ಇದೆ. ಹೆಚ್ಚಿನ ಅಪ್ಲಿಕೇಶನ್ನುಗಳಿಗೆ ಇಷ್ಟೇ ಸಾಕು.

ಲಾಗ್4ಜೆ 2 ಗೆಲ್ಲುವುದು ಲಾಗ್ ಪ್ರಮಾಣ ಜಾಸ್ತಿ ಇರುವಲ್ಲಿ. ಅದರ ಅಸಿಂಕ್ ಲಾಗರ್‌ಗಳು (ಬರೆಯುವ ಕೆಲಸವನ್ನು ಬೇರೆ ಥ್ರೆಡ್‌ಗೆ ಒಪ್ಪಿಸುವವು) ಎಲ್‌ಮ್ಯಾಕ್ಸ್ ಡಿಸ್ರಪ್ಟರ್ ಎಂಬ ಲೈಬ್ರರಿಯ ಮೇಲೆ ನಿಂತಿವೆ. ಸಾಮಾನ್ಯ ಕ್ಯೂನಲ್ಲಿ ಥ್ರೆಡ್‌ಗಳು ಒಂದೇ ಲಾಕ್‌ಗಾಗಿ ಕಾಯುತ್ತವೆ. ಡಿಸ್ರಪ್ಟರ್‌ನಲ್ಲಿ ಲಾಕ್ ಬದಲು ಉಂಗುರದಂಥ ಬಫರ್ ಇದೆ, ಪ್ರತಿ ಥ್ರೆಡ್ ತನ್ನ ಜಾಗ ಹಿಡಿದು ಬರೆದು ಹೋಗುತ್ತದೆ. ಜೊತೆಗೆ 2.6 ಆವೃತ್ತಿಯಿಂದ ಲಾಗ್ ಮಾಡುವಾಗ ಹೊಸ ಆಬ್ಜೆಕ್ಟ್ ಹುಟ್ಟಿಸದೆ ಹಳೆಯದನ್ನೇ ಮರುಬಳಸುವ ವ್ಯವಸ್ಥೆ ಇದೆ. ಗಾರ್ಬೇಜ್ ಕಲೆಕ್ಷನ್‌ನ ಸಣ್ಣ ನಿಲುಗಡೆಯೂ ಸಹಿಸಲಾಗದು ಅನ್ನುವ ವಹಿವಾಟಿನ ವ್ಯವಸ್ಥೆಗಳಿಗೆ ಇದು ದೊಡ್ಡ ವಿಷಯ. ನಿಮಿಷಕ್ಕೆ ಮುನ್ನೂರು ಸಾಲು ಬರೆಯುವ ಸೇವೆಗೆ ಇದರಿಂದ ಏನೂ ವ್ಯತ್ಯಾಸವಾಗದು. ಬೆಂಚ್‌ಮಾರ್ಕ್ ಚಿತ್ರ ನೋಡಿ ಎಂಜಿನ್ ಬದಲಿಸುವ ಮೊದಲು ನಿಮ್ಮದು ಯಾವ ಗುಂಪು ಅಂತ ಕೇಳಿಕೊಳ್ಳಿ.

ಅಸಿಂಕ್ ಅನ್ನುವುದು ಎರಡರಲ್ಲೂ ಇದೆ. ಆದರೆ ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ, ಇದನ್ನು ಗಮನಿಸದವರೇ ಹೆಚ್ಚು. ಲಾಗ್‌ಬ್ಯಾಕ್‌ನ ಅಸಿಂಕ್ ಅಪೆಂಡರ್‌ನಲ್ಲಿ (ಅಪೆಂಡರ್ ಅಂದರೆ ಲಾಗನ್ನು ಫೈಲಿಗೋ ಕನ್ಸೋಲಿಗೋ ತಲುಪಿಸುವ ಭಾಗ) ಕ್ಯೂ ಉದ್ದ ಡೀಫಾಲ್ಟ್ ಆಗಿ 256 ಮಾತ್ರ. ಅದರಲ್ಲಿ ಶೇ. 20ರಷ್ಟು ಜಾಗ ಉಳಿದಾಗ ಅದು ಟ್ರೇಸ್, ಡೀಬಗ್, ಇನ್ಫೋ ಸಂದೇಶಗಳನ್ನು ಸದ್ದಿಲ್ಲದೆ ಬಿಸಾಡಲು ಶುರು ಮಾಡುತ್ತದೆ. ವಾರ್ನ್ ಮತ್ತು ಎರರ್ ಮಾತ್ರ ಉಳಿಯುತ್ತವೆ. ಯೋಚಿಸಿ: ಲೋಡ್ ಜಾಸ್ತಿಯಾಗಿ ಏನೋ ಒಡೆದ ಗಳಿಗೆಯಲ್ಲೇ ಕ್ಯೂ ತುಂಬುವುದು, ಆಗಲೇ ಇನ್ಫೋ ಸಾಲುಗಳು ಮಾಯವಾಗುವುದು. "ಈ ರಿಕ್ವೆಸ್ಟ್ ನಮ್ಮ ಸರ್ವರ್‌ಗೆ ಬಂದೇ ಇಲ್ಲ, ಲಾಗ್‌ನಲ್ಲಿ ಇಲ್ಲ ನೋಡಿ" ಅಂತ ವಾದಿಸುವವರು ಈ ಸೆಟ್ಟಿಂಗ್ ಒಮ್ಮೆ ತೆರೆದು ನೋಡಬೇಕು. ಡಿಸ್ಕಾರ್ಡಿಂಗ್ ಥ್ರೆಶೋಲ್ಡ್ ಅನ್ನು 0 ಮಾಡಿದರೆ ಏನನ್ನೂ ಬಿಸಾಡುವುದಿಲ್ಲ, ಬದಲಿಗೆ ಕ್ಯೂ ತುಂಬಿದಾಗ ಅಪ್ಲಿಕೇಶನ್ ಥ್ರೆಡ್ ಕಾಯುತ್ತದೆ. ಲಾಗ್4ಜೆ 2ರ ಡೀಫಾಲ್ಟ್ ಇದೇ, ಬಫರ್ ತುಂಬಿದರೆ ಕಾಯುವುದು. ಬೇಕಿದ್ದರೆ ಬಿಸಾಡುವ ನಿಯಮ ನೀವೇ ಹಾಕಿಕೊಳ್ಳಬೇಕು. ಅದರ ಬಫರ್ ಕೂಡ ದೊಡ್ಡದು: ಗಾರ್ಬೇಜ್ ಇಲ್ಲದ ಮೋಡ್‌ನಲ್ಲಿ 4096, ಇಲ್ಲದಿದ್ದರೆ 262144.

ಲಾಗ್ ಕಳೆದುಕೊಳ್ಳುವುದಾ, ವೇಗ ಕಳೆದುಕೊಳ್ಳುವುದಾ? ಇದನ್ನು ಲೈಬ್ರರಿಯ ಡೀಫಾಲ್ಟ್‌ಗೆ ಬಿಡಬೇಡಿ. ಲೆಕ್ಕಪತ್ರಕ್ಕೆ, ಆಡಿಟ್‌ಗೆ ಬೇಕಾದ ಸಾಲುಗಳಿದ್ದರೆ ಅವಕ್ಕೆ ಅಸಿಂಕ್ ಬೇಡವೇ ಬೇಡ. ಲಾಗ್4ಜೆ 2ರಲ್ಲಿ ಕೆಲವು ಲಾಗರ್ ಸಿಂಕ್, ಕೆಲವು ಅಸಿಂಕ್ ಅಂತ ಬೆರೆಸಿ ಇಡಬಹುದು, ಇದು ನನಗೆ ತುಂಬಾ ಇಷ್ಟವಾದ ಸೌಲಭ್ಯ.

ಅಂದಹಾಗೆ, ಸಾಲಿನ ಸಂಖ್ಯೆ ಮುದ್ರಿಸುವ ಆಸೆ ಎರಡರಲ್ಲೂ ದುಬಾರಿ. ಪ್ರತಿ ಲಾಗಿಗೂ ಸ್ಟ್ಯಾಕ್ ನಡೆದು ನೋಡಬೇಕು. ಅದಕ್ಕೇ ಅಸಿಂಕ್ ಮೋಡ್‌ನಲ್ಲಿ ಎರಡೂ ಅದನ್ನು ಡೀಫಾಲ್ಟ್ ಆಗಿ ಆಫ್ ಇಟ್ಟಿವೆ. ಲಾಗರ್ ಹೆಸರು ಇದ್ದರೆ ಸಾಲು ಹುಡುಕುವುದು ಕಷ್ಟವಲ್ಲ, ಅಲ್ವಾ?

ಕಾನ್ಫಿಗರೇಶನ್ ವಿಷಯದಲ್ಲಿ ಲಾಗ್4ಜೆ 2 ಎಕ್ಸ್‌ಎಂಎಲ್ ಜೊತೆಗೆ ಜೇಸನ್, ಯಾಮಲ್, ಪ್ರಾಪರ್ಟೀಸ್ ಕೂಡ ಓದುತ್ತದೆ. ಯಾಮಲ್‌ಗೆ ಜಾಕ್ಸನ್ ಜಾರ್‌ಗಳು ಬೇಕು ಅನ್ನುವುದು ಮರೆತರೆ ಕಾನ್ಫಿಗರೇಶನ್ ಓದದೆ ಸುಮ್ಮನಿರುತ್ತದೆ. ಲೈಸೆನ್ಸ್ ನೋಡುವ ಸಂಸ್ಥೆಗಳಿಗೆ: ಲಾಗ್4ಜೆ ಅಪಾಚಿ 2.0, ಲಾಗ್‌ಬ್ಯಾಕ್ ಇಪಿಎಲ್ ಮತ್ತು ಎಲ್‌ಜಿಪಿಎಲ್ ಎರಡರಲ್ಲಿ ಒಂದು. ಎಲ್‌ಜಿಪಿಎಲ್ ಹೆಸರು ಕೇಳಿದರೆ ಬೆಚ್ಚುವ ಕಾನೂನು ವಿಭಾಗಗಳಿವೆ. ಇಪಿಎಲ್ ಆರಿಸಿಕೊಳ್ಳಬಹುದು ಅಂತ ಅವರಿಗೆ ಹೇಳಿ.

ಜೆಯುಎಲ್ ಬಗ್ಗೆ ಎರಡು ಮಾತು. ಜಾರ್ ಬೇಡ, ಜಾವಾ ಇದ್ದರೆ ಅದೂ ಇದೆ. ಕಮಾಂಡ್ ಲೈನ್ ಉಪಕರಣಕ್ಕೆ, ಒಂದೇ ಫೈಲಿನ ಪ್ರೋಗ್ರಾಮಿಗೆ ಸಾಕು. ಅದಕ್ಕಿಂತ ದೊಡ್ಡದಕ್ಕೆ ಹೋದರೆ ರೇಜಿಗೆ. ಲಾಗರ್‌ನ ಲೆವೆಲ್ ಫೈನ್‌ಗೆ ಇಳಿಸಿದರೂ ಕನ್ಸೋಲಿನಲ್ಲಿ ಏನೂ ಕಾಣುವುದಿಲ್ಲ, ಯಾಕೆಂದರೆ ಸಂದೇಶವನ್ನು ಹೊರಗೆ ಬರೆಯುವ ಹ್ಯಾಂಡ್ಲರ್‌ಗೂ ತನ್ನದೇ ಲೆವೆಲ್ ಇದೆ, ಅದು ಇನ್ಫೋದಲ್ಲೇ ನಿಂತಿರುತ್ತದೆ. ಎರಡನ್ನೂ ಇಳಿಸಬೇಕು. ಇನ್ನೂ ವಿಚಿತ್ರವೆಂದರೆ ಅದು ಲಾಗರ್‌ಗಳನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ಕೋಡಿನಲ್ಲಿ ಒಂದು ಲಾಗರ್ ಪಡೆದು, ಲೆವೆಲ್ ಬದಲಿಸಿ, ಆ ವೇರಿಯೇಬಲ್ಲನ್ನು ಎಲ್ಲೂ ಉಳಿಸಿಕೊಳ್ಳದಿದ್ದರೆ, ಗಾರ್ಬೇಜ್ ಕಲೆಕ್ಷನ್ ಆದಾಗ ನಿಮ್ಮ ಸೆಟ್ಟಿಂಗ್ ಸಮೇತ ಅದು ಹೊರಟುಹೋಗಬಹುದು. ಫೈಲ್ ಬದಲಾವಣೆ ಗಾತ್ರದ ಮೇಲೆ ಮಾತ್ರ, ದಿನದ ಮೇಲೆ ಇಲ್ಲ. ಟೈನಿಲಾಗ್ ಇದಕ್ಕಿಂತ ಹಿತ. ಜಾರ್ ಪುಟ್ಟದು, ಕಾನ್ಫಿಗರೇಶನ್ ಸರಳ. ಸಣ್ಣ ಅಪ್ಲಿಕೇಶನ್ನಿಗೆ ಚೆನ್ನ.

ಜಾಸ್ತಿ ಬಾಗುವುದೂ ಅಪಾಯ

ಲಾಗ್4ಜೆ 2 ಅಂದ ಕೂಡಲೇ 2021ರ ಡಿಸೆಂಬರ್ ನೆನಪಾಗದವರಿಲ್ಲ. ಲಾಗ್4ಶೆಲ್ ಎಂಬ ಭದ್ರತಾ ತೂತು, ತೂತುಗಳ ಅಧಿಕೃತ ಪಟ್ಟಿಯಲ್ಲಿ ಸಿವಿಇ-2021-44228, ತೀವ್ರತೆ 10ಕ್ಕೆ 10. ಕಾರಣ ತಿಳಿದುಕೊಂಡರೆ ಆಯ್ಕೆಗೆ ಸಹಾಯವಾಗುತ್ತದೆ. ಸಂದೇಶದೊಳಗೆ ಡಾಲರ್ ಚಿಹ್ನೆ ಮತ್ತು ಪುಷ್ಪಾವರಣದ ಗುರುತು ಇದ್ದರೆ ಅದನ್ನು ಬಿಡಿಸಿ ಮೌಲ್ಯ ತುಂಬುವ ಸೌಲಭ್ಯ ಲಾಗ್4ಜೆಯಲ್ಲಿತ್ತು. ಆ ಮೌಲ್ಯವನ್ನು ಜೆಎನ್‌ಡಿಐ (ಹೆಸರು ಕೊಟ್ಟು ಆಬ್ಜೆಕ್ಟ್ ಹುಡುಕಿ ತರುವ ಜಾವಾ ಸೌಲಭ್ಯ) ಮೂಲಕ ದೂರದ ಸರ್ವರ್‌ನಿಂದ ತರಲೂ ಆಗುತ್ತಿತ್ತು. ತೊಂದರೆ ಏನೆಂದರೆ ಈ ಬಿಡಿಸುವ ಕೆಲಸ ಬರೀ ಕಾನ್ಫಿಗರೇಶನ್ ಫೈಲಿನಲ್ಲಿ ಅಲ್ಲ, ಬಳಕೆದಾರ ಟೈಪ್ ಮಾಡಿದ ಪಠ್ಯದಲ್ಲೂ ನಡೆಯುತ್ತಿತ್ತು. ಲಾಗಿನ್ ಪೆಟ್ಟಿಗೆಯಲ್ಲಿ ಹೆಸರಿನ ಬದಲು ಅಂಥ ಒಂದು ಗುರುತು ಹಾಕಿದರೆ, "ಈ ಹೆಸರಿನ ಬಳಕೆದಾರ ಇಲ್ಲ" ಅಂತ ಲಾಗ್ ಮಾಡುವ ಸಾಲೇ ದಾಳಿಕೋರನ ಕೋಡನ್ನು ಒಳಕ್ಕೆ ಕರೆತರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆ ಒಂದೇ ತಿಂಗಳಲ್ಲಿ 2.15.0, 2.16.0, 2.17.0, 2.17.1 ಅಂತ ನಾಲ್ಕು ಆವೃತ್ತಿ ಹೊರಬಂದವು. 2.16.0ದಲ್ಲಿ ಸಂದೇಶದೊಳಗಿನ ಆ ಸೌಲಭ್ಯವನ್ನೇ ಕಿತ್ತುಹಾಕಲಾಯಿತು.

ಇದಕ್ಕಾಗಿ ಲಾಗ್4ಜೆ 2 ಬಿಡಬೇಕಾ? ಬೇಕಿಲ್ಲ. ಈಗಿನ ಆವೃತ್ತಿಗಳಲ್ಲಿ ಆ ತೂತು ಇಲ್ಲ, ಅದರ ಹಿಂದೆ ಅಪಾಚಿಯ ಒಂದು ತಂಡವಿದೆ. ಆದರೆ ಎಂಜಿನ್ ಹೋಲಿಸುವಾಗ "ಯಾವುದರಲ್ಲಿ ಸೌಲಭ್ಯ ಜಾಸ್ತಿ" ಎಂದು ಪಟ್ಟಿ ಮಾಡುವವರು, ಬಳಸದ ಸೌಲಭ್ಯವೂ ಕ್ಲಾಸ್‌ಪಾತ್‌ನಲ್ಲಿ ಜೀವಂತವಾಗಿರುತ್ತದೆ ಅನ್ನುವುದನ್ನು ಪಟ್ಟಿಯ ಇನ್ನೊಂದು ಕಡೆ ಬರೆದುಕೊಳ್ಳಲಿ. ಆ ಡಿಸೆಂಬರ್‌ನಲ್ಲಿ ಎಂಜಿನ್ ಬದಲಿಸಲು ಹೊರಟವರಲ್ಲಿ, ಕೋಡಿನಲ್ಲಿ ಎಸ್‌ಎಲ್‌ಎಫ್4ಜೆ ಮಾತ್ರ ಇದ್ದವರಿಗೆ ಇದ್ದದ್ದು ಬಿಲ್ಡ್ ಫೈಲಿನ ಕೆಲಸ ಮಾತ್ರ.

ಸೇತುವೆಗಳ ಗೋಜಲು

ನಿಮ್ಮ ಕೋಡ್ ಶಿಸ್ತಾಗಿ ಎಸ್‌ಎಲ್‌ಎಫ್4ಜೆ ಬಳಸಿದರೂ, ಒಳಗೆ ಬಂದ ಯಾವುದೋ ಲೈಬ್ರರಿ ಕಾಮನ್ಸ್ ಲಾಗಿಂಗ್ ಬಳಸುತ್ತದೆ, ಇನ್ನೊಂದು ಜೆಯುಎಲ್. ಅವನ್ನು ತಿರುಗಿಸಿ ಒಂದೇ ಕಡೆ ತರಲು ಸೇತುವೆ ಜಾರ್‌ಗಳಿವೆ. ಹಳೆಯ ಲಾಗ್4ಜೆ ಮತ್ತು ಕಾಮನ್ಸ್ ಲಾಗಿಂಗ್‌ಗೆ ಇರುವ ಸೇತುವೆಗಳು ಅವುಗಳದೇ ಕ್ಲಾಸ್ ಹೆಸರು ಧರಿಸಿ ಕೂರುತ್ತವೆ. ಹಾಗಾಗಿ ಮೂಲ ಜಾರ್ ತೆಗೆಯಲೇಬೇಕು, ಇಲ್ಲದಿದ್ದರೆ ಯಾವುದು ಮೊದಲು ಸಿಗುತ್ತದೋ ಅದು.

ತಪ್ಪುವುದು ಸಾಮಾನ್ಯವಾಗಿ ಹೀಗೆ: ಲಾಗ್4ಜೆಯಿಂದ ಎಸ್‌ಎಲ್‌ಎಫ್4ಜೆಗೆ ಕಳಿಸುವ ಸೇತುವೆ ಒಂದು, ಎಸ್‌ಎಲ್‌ಎಫ್4ಜೆಯಿಂದ ಲಾಗ್4ಜೆಗೆ ಕಳಿಸುವುದು ಇನ್ನೊಂದು, ಎರಡೂ ಒಟ್ಟಿಗೆ ಬಂದು ಸೇರುತ್ತವೆ. ಮೊದಲ ಸಂದೇಶವೇ ಅತ್ತಿಂದಿತ್ತ ಸುತ್ತಿ ಸ್ಟ್ಯಾಕ್ ಓವರ್‌ಫ್ಲೋ ಆಗಬಹುದು, ಇಲ್ಲವೇ ಶುರುವಿನಲ್ಲೇ ಎರರ್ ಬಂದು ನಿಲ್ಲಬಹುದು. ಮೇವನ್ ಅಥವಾ ಗ್ರೇಡಲ್‌ನ ಡಿಪೆಂಡೆನ್ಸಿ ಟ್ರೀ ತೆಗೆದು, "ಲಾಗ್" ಎಂದು ಹುಡುಕಿ, ಬಂದ ಪ್ರತಿ ಜಾರ್ ಮುಂದೆ ಇದು ಎಪಿಐಯಾ, ಎಂಜಿನ್ನಾ, ಸೇತುವೆಯಾ ಅಂತ ಬರೆದುಕೊಳ್ಳಿ. ಎಂಜಿನ್ ಒಂದೇ ಇರಬೇಕು. ಸೇತುವೆಗಳೆಲ್ಲ ಅದರ ಕಡೆಗೇ ಮುಖ ಮಾಡಿರಬೇಕು. ಸ್ಪ್ರಿಂಗ್ ಬೂಟ್‌ನಲ್ಲಿ ಲಾಗ್4ಜೆ 2ಕ್ಕೆ ಹೋಗುವವರು ಡೀಫಾಲ್ಟ್ ಲಾಗಿಂಗ್ ಸ್ಟಾರ್ಟರ್ ತೆಗೆಯುವುದನ್ನು ಮರೆತೇ ಈ ಬಲೆಗೆ ಬೀಳುತ್ತಾರೆ.

ಜೆಯುಎಲ್ ಮಾತ್ರ ಬೇರೆ. ಅದು ಜಾವಾದೊಳಗಿನ ಪ್ಯಾಕೇಜ್, ಜಾರ್ ಬದಲಿಸಿ ಏಮಾರಿಸಲು ಆಗದು. ಸೇತುವೆಯನ್ನು ಹ್ಯಾಂಡ್ಲರ್ ಆಗಿ ಜೋಡಿಸಬೇಕು. ಇದರ ಬೆಲೆ ಎಸ್‌ಎಲ್‌ಎಫ್4ಜೆಯವರೇ ಬರೆದಿಟ್ಟಿದ್ದಾರೆ: ಆಫ್ ಆಗಿರುವ ಜೆಯುಎಲ್ ಲಾಗ್ ಸಾಲಿನ ಖರ್ಚು 60 ಪಟ್ಟಿನವರೆಗೆ ಏರಬಹುದು, ಆನ್ ಆಗಿರುವುದಕ್ಕೆ ಶೇ. 20ರಷ್ಟು. ಲಾಗ್‌ಬ್ಯಾಕ್‌ನಲ್ಲಿ ತನ್ನ ಲೆವೆಲ್‌ಗಳನ್ನು ಜೆಯುಎಲ್‌ಗೂ ತಿಳಿಸುವ ಒಂದು ಲಿಸನರ್ ಇದೆ. ಅದನ್ನು ಹಾಕಿದರೆ ಆಫ್ ಸಾಲುಗಳ ಖರ್ಚು ಇಳಿಯುತ್ತದೆ.

ಓಡುತ್ತಿರುವಾಗ ಬದಲಿಸುವುದು

ಶುರುವಿನ ಆ ಡೀಬಗ್ ಲಾಗ್ ಕಥೆಗೆ ಪರಿಹಾರ ಎರಡು ಎಂಜಿನ್‌ಗಳಲ್ಲೂ ಇದೆ. ಲಾಗ್‌ಬ್ಯಾಕ್ ಫೈಲಿನ ಮೇಲ್ಸಾಲಿನಲ್ಲಿ ಸ್ಕ್ಯಾನ್ ಆನ್ ಮಾಡಿದರೆ ನಿಮಿಷಕ್ಕೊಮ್ಮೆ ಫೈಲ್ ಬದಲಾಗಿದೆಯಾ ಎಂದು ನೋಡುತ್ತದೆ. ಅವಧಿ ನೀವೇ ಇಡಬಹುದು. ಲಾಗ್4ಜೆ 2ರಲ್ಲಿ ಮಾನಿಟರ್ ಇಂಟರ್‌ವಲ್ ಎಂದು ಸೆಕೆಂಡುಗಳಲ್ಲಿ ಕೊಡಬೇಕು, ಕೊಡದಿದ್ದರೆ ನೋಡುವುದೇ ಇಲ್ಲ. ಆದರೆ ಕಂಟೇನರ್‌ನಲ್ಲಿ ಓಡುವ ಅಪ್ಲಿಕೇಶನ್ನಿನ ಫೈಲ್ ಜಾರ್ ಒಳಗೇ ಇರುವುದರಿಂದ ಇದು ಬಹಳಷ್ಟು ಸಲ ಉಪಯೋಗಕ್ಕೆ ಬಾರದು. ಅಲ್ಲಿ ಸ್ಪ್ರಿಂಗ್ ಬೂಟ್ ಆಕ್ಚುಯೇಟರ್‌ನ ಲಾಗರ್ಸ್ ವಿಳಾಸ ಕೈಹಿಡಿಯುತ್ತದೆ. ಪ್ಯಾಕೇಜ್ ಹೆಸರಿಗೆ ಡೀಬಗ್ ಎಂದು ಒಂದು ಪೋಸ್ಟ್ ರಿಕ್ವೆಸ್ಟ್ ಕಳಿಸಿದರೆ ಆ ಕ್ಷಣದಿಂದ ಜಾರಿ. ಕೆಲಸವಾದ ಮೇಲೆ ಖಾಲಿ ಮೌಲ್ಯ ಕಳಿಸಿದರೆ ಮೊದಲಿನ ಸ್ಥಿತಿ. ಹಿಂದೆ ಲಾಗ್‌ಬ್ಯಾಕ್ ಇದ್ದರೂ ಲಾಗ್4ಜೆ 2 ಇದ್ದರೂ ಇದು ನಡೆಯುತ್ತದೆ. ಆ ವಿಳಾಸವನ್ನು ಹೊರಗಿನವರಿಗೆ ತೆರೆದಿಡಬೇಡಿ ಅಂತ ಬೇರೆ ಹೇಳಬೇಕಿಲ್ಲ.

ಕಂಟೇನರ್‌ನಲ್ಲಿದ್ದರೆ ಫೈಲ್ ಬರೆಯುವ ಗೋಜೂ ಬೇಡ. ಕನ್ಸೋಲಿಗೆ ಜೇಸನ್ ಬರೆಯಿರಿ, ಎತ್ತಿಕೊಳ್ಳುವ ಕೆಲಸ ಬೇರೆಯವರದ್ದು. ಲಾಗ್4ಜೆ 2ರಲ್ಲಿ 2.14ರಿಂದ ಜೇಸನ್ ಟೆಂಪ್ಲೇಟ್ ಲೇಔಟ್ ಇದೆ. ಲಾಗ್‌ಬ್ಯಾಕ್ ಬಳಸುವವರು ವರ್ಷಗಳಿಂದ ಲಾಗ್‌ಸ್ಟ್ಯಾಶ್ ಎನ್‌ಕೋಡರ್ ಎಂಬ ಹೊರಗಿನ ಜಾರ್ ಹಾಕುತ್ತಿದ್ದರು. ಸ್ಪ್ರಿಂಗ್ ಬೂಟ್ 3.4ರಿಂದ ಒಂದು ಪ್ರಾಪರ್ಟಿ ಸಾಲು ಬರೆದರೆ ಸಾಕು.

ಜೇಸನ್‌ನಲ್ಲಿ ರಿಕ್ವೆಸ್ಟ್ ಐಡಿ ಬರಬೇಕಾದರೆ ಎಂಡಿಸಿ (ಪ್ರತಿ ಲಾಗಿನ ಜೊತೆ ಹೋಗುವ ಹೆಸರು ಮತ್ತು ಮೌಲ್ಯಗಳ ಪಟ್ಟಿ) ಬಳಸುತ್ತೀರಿ. ಅದು ಥ್ರೆಡ್‌ಗೆ ಅಂಟಿದ್ದು. ಥ್ರೆಡ್ ಪೂಲ್‌ಗೆ ಕೆಲಸ ಒಪ್ಪಿಸಿದರೆ ಐಡಿ ಜೊತೆಗೆ ಹೋಗುವುದಿಲ್ಲ. ಕೊನೆಯಲ್ಲಿ ಅಳಿಸದಿದ್ದರೆ ಇನ್ನೂ ಕೆಟ್ಟದು, ಅದೇ ಥ್ರೆಡ್ ಹಿಡಿದ ಮುಂದಿನ ರಿಕ್ವೆಸ್ಟ್‌ಗೆ ಹಿಂದಿನವರ ಐಡಿ ಅಂಟುತ್ತದೆ. ಎಂಜಿನ್ ಯಾವುದಾದರೂ ಈ ಜವಾಬ್ದಾರಿ ನಿಮ್ಮದೇ.

ಹಾಗಾದರೆ ಯಾರಿಗೆ ಯಾವುದು?

ಸ್ಪ್ರಿಂಗ್ ಬೂಟ್‌ನ ಸಾಮಾನ್ಯ ಸೇವೆ: ಎಸ್‌ಎಲ್‌ಎಫ್4ಜೆ, ಲಾಗ್‌ಬ್ಯಾಕ್. ಬಂದದ್ದನ್ನು ಹಾಗೇ ಇಟ್ಟುಕೊಳ್ಳಿ. ಲಾಗ್ ಪ್ರವಾಹವೇ ಹರಿಯುವ, ಮಿಲಿಸೆಕೆಂಡ್ ಎಣಿಸುವ ಕಡೆ: ಎಸ್‌ಎಲ್‌ಎಫ್4ಜೆ ಅಥವಾ ಲಾಗ್4ಜೆ ಎಪಿಐ, ಹಿಂದೆ ಲಾಗ್4ಜೆ 2 ಅಸಿಂಕ್. ಬೇರೆಯವರು ಬಳಸಲೆಂದು ಲೈಬ್ರರಿ ಬರೆಯುತ್ತಿದ್ದರೆ: ಎಪಿಐ ಜಾರ್ ಮಾತ್ರ, ಎಂಜಿನ್ನನ್ನು ಟೆಸ್ಟ್ ಸ್ಕೋಪ್‌ನಿಂದ ಆಚೆ ಬಿಡಲೇಬೇಡಿ. ನಿಮ್ಮ ಲೈಬ್ರರಿಯ ಜೊತೆ ಬಂದ ಎಂಜಿನ್ ಬೇರೊಬ್ಬರ ಪ್ರಾಜೆಕ್ಟಿನಲ್ಲಿ ಜಗಳಕ್ಕೆ ನಿಲ್ಲುತ್ತದೆ. ಪುಟ್ಟ ಉಪಕರಣ: ಜೆಯುಎಲ್ ಅಥವಾ ಟೈನಿಲಾಗ್.

ಉಳಿದದ್ದು ಹಳೆಯ ಲಾಗ್4ಜೆ 1 ಹೊತ್ತ ಅಪ್ಲಿಕೇಶನ್‌ಗಳು. ಇವತ್ತೇ ತೂತು ಮುಚ್ಚಬೇಕು, ಕೋಡ್ ಮುಟ್ಟಲು ಯಾರಿಗೂ ಪುರುಸೊತ್ತಿಲ್ಲ ಅಂದರೆ ಜಾರ್ ತೆಗೆದು ಆ ಜಾಗಕ್ಕೆ ರೀಲೋಡ್4ಜೆ ಹಾಕಿ. 1.2.17ರಿಂದ ಕವಲೊಡೆದು 2022ರಲ್ಲಿ ಬಂದದ್ದು, ಕಾನ್ಫಿಗರೇಶನ್ ಫೈಲ್ ಸಮೇತ ಹಾಗೇ ಓಡುತ್ತದೆ. ಸ್ವಲ್ಪ ಸಮಯವಿದ್ದರೆ ಲಾಗ್4ಜೆಯಿಂದ ಎಸ್‌ಎಲ್‌ಎಫ್4ಜೆಗೆ ಹೋಗುವ ಸೇತುವೆ ಹಾಕಿ, ಹಿಂದೆ ಲಾಗ್‌ಬ್ಯಾಕ್ ಇಡಿ. ಕಾನ್ಫಿಗರೇಶನ್ ಮಾತ್ರ ಹೊಸದಾಗಿ ಬರೆಯಬೇಕು. ಆಮೇಲೆ ಇಂಪೋರ್ಟ್ ಸಾಲುಗಳನ್ನು ಒಂದೊಂದೇ ಮಾಡ್ಯೂಲ್ ಹಿಡಿದು ಬದಲಿಸಿಕೊಂಡು ಬನ್ನಿ. ಕೋಡಿನಲ್ಲೇ ಅಪೆಂಡರ್ ಕಟ್ಟಿದ ಜಾಗಗಳನ್ನು ಮೊದಲು ಹುಡುಕಿ, ಸೇತುವೆ ಒಡೆಯುವುದು ಸಾಮಾನ್ಯವಾಗಿ ಅಲ್ಲೇ.